ದಂಡದ ಚೀಟಿಯಲ್ಲಿದ್ದ ಟಂಟಂ

"ಟಂಟಂ ಅಂದರೆ ಏನು?" ಎಂದು ಒಂದು ಸರ್ಕಾರಿ ಕಚೇರಿ ನನ್ನನ್ನು ಬರವಣಿಗೆಯಲ್ಲಿ ಕೇಳಿತು. ವಿಜಯಪುರದಲ್ಲಿ ಹುಟ್ಟಿ ಬೆಳೆದ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಕೇಳಿದ ಗುಮಾಸ್ತನೂ ಈ ಊರಿನವನೇ, ಅವನ ಮನೆಯವರೂ ಅದರಲ್ಲೇ ಓಡಾಡಿದವರೇ. ಅದಕ್ಕೇ ನನಗೆ ಸಿಟ್ಟು ಬಂತು. ಆ ಸಿಟ್ಟು ಎರಡು ವಾರ ಇಳಿಯಲಿಲ್ಲ, ಇಳಿಯಲು ನಾನು ಬಿಡಲೂ ಇಲ್ಲ.

ನನ್ನ ಕೆಲಸ ಅರ್ಜಿ ಬರೆಯುವುದು. ಕಚೇರಿಗಳ ಕಾಂಪೌಂಡಿನ ಹೊರಗೆ ಬೇವಿನ ಗಿಡದ ಕೆಳಗೆ ನನ್ನದೊಂದು ತಗಡಿನ ಡಬ್ಬಿ ಅಂಗಡಿ ಇದೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗಿರಾಕಿ ಕೂಡಲು ಎರಡು ಸ್ಟೂಲು. ಜನ ಬಂದು ತಮ್ಮ ಕಷ್ಟವನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ನಾನು ಅದನ್ನು ಕಚೇರಿಯ ಮಾತಿಗೆ ತಿರುವಿ ಕೊಡುತ್ತೇನೆ. ಅವರು ಹಿತ್ತಲು ಎಂದರೆ ನಾನು ನಿವೇಶನದ ಹಿಂಭಾಗದ ಖುಲ್ಲಾ ಜಾಗ ಎನ್ನುತ್ತೇನೆ. ಅವರು ಜಗಳ ಎಂದರೆ ನಾನು ತಕರಾರು ಎನ್ನುತ್ತೇನೆ. ಇದರಲ್ಲಿ ನನಗೆ ಸ್ವಲ್ಪ ಸೊಕ್ಕು ಇತ್ತು, ಈಗ ಒಪ್ಪಿಕೊಳ್ಳುತ್ತೇನೆ. ಆ ಸೊಕ್ಕೇ ಮೊದಲು ನನ್ನನ್ನು ಕೆಡವಿದ್ದು.

ಟಿಕೋಟಾದ ಟಂಟಂ ಚಾಲಕನೊಬ್ಬ ಒಂದು ಬೆಳಿಗ್ಗೆ ಬಂದ. ಐವತ್ತರ ಹತ್ತಿರದ ಮನುಷ್ಯ. ಮಾತು ಕಡಿಮೆ. ಗೋಡೆಗೆ ಅಂಟಿಸಿದ್ದ ಒಂದು ಪ್ರಕಟಣೆಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದ. ಹೊರ ಊರುಗಳಿಂದ ಬರುವ ಮೂರು ಗಾಲಿಯ ವಾಹನಗಳು ಇನ್ನು ಮುಂದೆ ಬೈಪಾಸಿನ ಆಚೆಗೇ ನಿಲ್ಲಬೇಕು, ಊರೊಳಗೆ ನಿಲುಗಡೆ ಬೇಕಾದವರು ವಾಹನದ ವರ್ಗವನ್ನು ನಮೂದಿಸಿ ಅರ್ಜಿ ಕೊಡತಕ್ಕದ್ದು ಎಂದು ಅದರಲ್ಲಿತ್ತು. ಟಿಕೋಟಾ ಮತ್ತು ಬಬಲೇಶ್ವರದಿಂದ ಬರುವ ಟಂಟಂಗಳು ಇಷ್ಟು ವರ್ಷ ಬಜಾರಿಗೆ ಹತ್ತಿರದ ಒಂದು ಹಳೆಯ ಗೋಡೆಯ ನೆರಳಿನಲ್ಲಿ ನಿಲ್ಲುತ್ತಿದ್ದವು.

"ಅಕ್ಕಾರ, ಏನರ ಮಾಡಿ ಆ ಗ್ವಾಡಿ ಬಾಜೂಕಿನ ಜಾಗಾ ಉಳಸ್ರಿ. ಅಲ್ಲಿಂದ ಎಬ್ಬಿಸಿದ್ರಂದ್ರ ಮಂದಿ ಹತ್ತೂದಿಲ್ಲ. ಮಂದಿ ಹತ್ತಲಿಲ್ಲಂದ್ರ ನಾ ಗಾಡಿ ಮನಿ ಮುಂದ ನಿಂದರ್ಸಿ ಕುಂಡ್ರೂದ" ಎಂದ.

ಇದೇನು ಮಹಾ ಕೆಲಸ ಎಂದುಕೊಂಡೆ. ಅರ್ಧ ತಾಸಿನಲ್ಲಿ ಅರ್ಜಿ ಸಿದ್ಧವಾಯಿತು. ನಮೂನೆಯಲ್ಲಿ ವಾಹನದ ವರ್ಗ ಎಂಬಲ್ಲಿ ಆಟೋರಿಕ್ಷಾ ಎಂದು ಬರೆದೆ. ಅವನು ಬಗ್ಗಿ ನೋಡಿ, "ಟಂಟಂ ಅಂತ ಬರೀಲಿಲ್ಲರಿ?" ಎಂದು ಕೇಳಿದ.

"ಅದು ಬಾಯಿಮಾತ್ರಿ. ಕಾಗದದಾಗ ಹಂಗ ಬರ್ಯಾಕ ಬರಂಗಿಲ್ಲ" ಎಂದೆ. ಅವನು ತಲೆಯಾಡಿಸಿ, ಹತ್ತೊಂಬತ್ತು ಚಾಲಕರ ಸಹಿ ಹಾಕಿಸಿಕೊಂಡು ಬಂದು ಅರ್ಜಿ ಕೊಟ್ಟ.

ಹತ್ತು ದಿನಕ್ಕೆ ಹಿಂಬರಹ ಬಂತು. ಕಚೇರಿಗಳು ಅರ್ಜಿಗೆ ಕೊಡುವ ಲಿಖಿತ ಉತ್ತರಕ್ಕೆ ಹಿಂಬರಹ ಎನ್ನುತ್ತಾರೆ. ಆಟೋರಿಕ್ಷಾಗಳಿಗೆ ನಗರದಲ್ಲಿ ಈಗಾಗಲೇ ನಿಲುಗಡೆಗಳಿದ್ದು ಅವು ನಗರದ ಆಟೋರಿಕ್ಷಾಗಳಿಗೆ ಮೀಸಲಾಗಿರುತ್ತವೆ, ಹೊರ ಊರಿನ ಆಟೋರಿಕ್ಷಾಗಳಿಗೆ ಅವಕಾಶ ಇರುವುದಿಲ್ಲ, ಅರ್ಜಿಯನ್ನು ವಿಲೇಗೊಳಿಸಿದೆ. ಅಷ್ಟೇ. ನಾನು ಚೆಂದ ಮಾಡಲು ಹೋಗಿ ಹಾಕಿದ ಒಂದು ಶಬ್ದ ಹತ್ತೊಂಬತ್ತು ಗಾಡಿಗಳನ್ನು ಬೈಪಾಸಿನ ಆಚೆ ದಬ್ಬಿತ್ತು.

ಚಾಲಕ ಹಿಂಬರಹವನ್ನು ನನ್ನ ಮುಂದೆ ಇಟ್ಟ. ಬೈದದ್ದು ಅವನ ಜೊತೆ ಬಂದಿದ್ದ ಆಯಿ. ಟಿಕೋಟಾದಿಂದ ದಿನಾ ಮೆಂತೆಪಲ್ಲೆ, ರಾಜಗಿರಿ ಪಲ್ಲೆ ತಂದು ಬಜಾರಿನಲ್ಲಿ ಮಾರುವ ಮುದುಕಿ ಅವಳು. ಸ್ಟೂಲಿನ ಮೇಲೆ ಕೂರಲೂ ಇಲ್ಲ.

"ಏನ ಬರದಿ ಬೇ ನೀ? ಆಟೋ ಅಂತ ಬರದಿ ಅಂತಲ್ಲ! ಆಟೋದಾಂವ ನನ್ನ ಬುಟ್ಟಿ ನೋಡಿದ್ರ ಮಾರಿ ತಿರುವ್ತಾನ. ಬಸ್ಸಿನ್ಯಾಂವ ಮ್ಯಾಲ ಹಾಕು ಅಂತಾನ, ಮ್ಯಾಲ ಹತ್ತಾಕ ನನಗ ಮೊಣಕಾಲ ಎಲ್ಲ್ಯಾವ? ಟಂಟಂನಾಂವ ಇಳದು ಬಂದು ಬುಟ್ಟಿ ಇಸ್ಕೋತಾನ. ಇವತ್ತ ಬೈಪಾಸಿನಿಂದ ಬುಟ್ಟಿ ಹೊತ್ತು ನಡಕೋತ ಬಂದೇನಿ. ಪಲ್ಲೆ ಬಾಡಿ ಹೋಗೇತಿ, ನಾ ಬಾಡಿದ್ದು ಬ್ಯಾರೆ."

ನನಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಹಟವೂ ಬಂತು. ಎರಡನೆಯ ಅರ್ಜಿಯಲ್ಲಿ ವಾಹನದ ವರ್ಗ ಎಂಬಲ್ಲಿ ದಪ್ಪ ಅಕ್ಷರದಲ್ಲಿ ಟಂಟಂ ಎಂದು ಬರೆದೆ, ನಾನೇ ಟಪಾಲಿನ ಕಿಟಕಿಗೆ ಹೋದೆ.

ಗುಮಾಸ್ತ ನನಗೆ ವರ್ಷಗಳಿಂದ ಗೊತ್ತಿದ್ದವನು. ಓದಿ ನಕ್ಕ. "ಏನ್ರಿ ಮೇಡಂ, ನಿಮಗೂ ಬುದ್ಧಿ ಕೆಟ್ಟೇತೇನು? ಟಂಟಂ ಅಂತ ಯಾರರ ಬರೀತಾರೇನ್ರಿ?" ಎಂದು ಗಾಜಿನ ಕೆಳಗಿಟ್ಟ ಪಟ್ಟಿಯನ್ನು ಬೆರಳಿನಿಂದ ಬಡಿದು ತೋರಿಸಿದ. ಬಸ್ಸು, ಲಾರಿ, ಟ್ರ್ಯಾಕ್ಟರು, ಕಾರು, ಆಟೋರಿಕ್ಷಾ, ದ್ವಿಚಕ್ರ ವಾಹನ. "ಇದರಾಗ ಎಲ್ಲೈತಿ ತೋರಸ್ರಿ. ಇಲ್ಲದ ಗಾಡಿಗೆ ಎಲ್ಲಿಂದ ಜಾಗಾ ಕೊಡೂದು?"

"ನಿಮ್ಮ ಮನ್ಯಾಗ ಅದಕ್ಕ ಏನಂತಾರ?"

"ಮನಿ ಮಾತ ಬ್ಯಾರೆ, ಕಚೇರಿ ಮಾತ ಬ್ಯಾರೆ ಮೇಡಂ. ಇದು ನಿಮಗ ನಾ ಹೇಳಬೇಕೇನು?"

ಅವನು ಹೇಳಿದ್ದು ಮೊದಲ ಅರ್ಜಿ ಬರೆಯುವಾಗ ನಾನು ಚಾಲಕನಿಗೆ ಹೇಳಿದ ಮಾತೇ. ಅದು ಸರಿಯಾಗಿಯೇ ನಾಟಿತು. ಆದರೂ ಬಿಡಲಿಲ್ಲ. ಅರ್ಜಿ ತಗೊಳ್ಳಿ, ಆವಕ ಸಂಖ್ಯೆ ಹಾಕಿ, ಕೊಡುವುದಿಲ್ಲ ಅನ್ನುವುದಾದರೆ ಅದನ್ನೇ ಹಿಂಬರಹದಲ್ಲಿ ಬರೆದು ಕೊಡಿ ಎಂದು ಕಿಟಕಿಗೆ ಅಡ್ಡವಾಗಿ ನಿಂತೆ. ಈ ಕೆಲಸದಲ್ಲಿ ಇಷ್ಟು ವರ್ಷ ಕಲಿತದ್ದು ಇದೊಂದೇ. ಬಾಯಿಂದ ಬಂದ ಇಲ್ಲ ಗಾಳಿಗೆ ಹೋಗುತ್ತದೆ, ಕಾಗದದ ಮೇಲಿನ ಇಲ್ಲಕ್ಕೆ ಉತ್ತರ ಕೊಡಬಹುದು. ಹಿಂದೆ ಸಾಲು ಬೆಳೆಯಿತು, ಜನ ಗೊಣಗಿದರು, ನಾನು ಕದಲಲಿಲ್ಲ. ಕೊನೆಗೆ ಗುಮಾಸ್ತ ಮುಖ ಗಂಟಿಕ್ಕಿಕೊಂಡು ಸೀಲು ಒತ್ತಿದ.

ನಾಲ್ಕು ದಿನಕ್ಕೆ ಹಿಂಬರಹ ಕೈಗೆ ಬಂತು. ಟಂಟಂ ಎಂಬ ಹೆಸರಿನ ವಾಹನ ವರ್ಗ ಈ ಕಚೇರಿಯ ಯಾವುದೇ ದಾಖಲೆಯಲ್ಲಿ ಇರುವುದಿಲ್ಲ. ಟಂಟಂ ಎಂದರೆ ಏನೆಂಬುದನ್ನು ಅರ್ಜಿದಾರರು ವಿವರಿಸಿ, ಸೂಕ್ತ ದಾಖಲೆಗಳೊಂದಿಗೆ ವಿಚಾರಣೆಗೆ ಹಾಜರಾಗತಕ್ಕದ್ದು. ವಿಚಾರಣೆಗೆ ಎರಡು ವಾರ ಸಮಯ ಇತ್ತು.

ಮಾರನೆಯ ದಿನವೇ ವಿವರಣೆ ಬರೆಯಲು ಕೂತೆ. ಮೂರು ಗಾಲಿಯ ಪ್ರಯಾಣಿಕ ವಾಹನ ಎಂದೆ. ಆಟೋಕ್ಕೂ ಮೂರೇ ಗಾಲಿ. ಊರಿನಿಂದ ಊರಿಗೆ ಹೋಗುವುದು ಎಂದೆ. ಬಸ್ಸೂ ಹೋಗುತ್ತದೆ. ಸೀಟಿಗೆ ಇಷ್ಟು ಎಂದು ತೆಗೆದುಕೊಂಡು ಹಲವರನ್ನು ಕೂಡಿಸಿಕೊಳ್ಳುವುದು ಎಂದೆ. ಜೀಪಿನವರೂ ಕೂಡಿಸಿಕೊಳ್ಳುತ್ತಾರೆ. ಬಬಲೇಶ್ವರದ ಒಬ್ಬ ಚಾಲಕನಿಗೆ ಫೋನ್ ಮಾಡಿದರೆ, ಅವನ ಊರಿನಲ್ಲಿ ಮೇವು ಹೇರುವ ಮೂರು ಗಾಲಿಗೂ ಟಂಟಂ ಅನ್ನುತ್ತಾರೆ ಎಂದು ಹೇಳಿ ನನ್ನ ತಲೆ ಇನ್ನಷ್ಟು ಕೆಡಿಸಿದ. ಮೂರು ಹಾಳೆ ಹರಿದು ಹಾಕಿದ ಮೇಲೆ, ಜಲನಗರದ ನನ್ನ ಮನೆಯಲ್ಲಿ ಕೂತು ಇದು ಆಗುವ ಕೆಲಸವಲ್ಲ ಎಂದು ಗೊತ್ತಾಯಿತು. ಅಂಗಡಿ ಒಂದು ದಿನ ಮುಚ್ಚಿ, ನಸುಕಿನ ಬಸ್ಸಿಗೆ ಟಿಕೋಟಾಕ್ಕೆ ಹೋಗಿ ಆ ಚಾಲಕನ ಪಕ್ಕದ ಸೀಟಿನಲ್ಲಿ ವಹಿ ಹಿಡಿದು ಕೂತೆ.

ಅವತ್ತು ನಾಲ್ಕು ಸಲ ಹೋಗಿ ಬಂದೆವು. ಕಂಡದ್ದನ್ನೆಲ್ಲ ಬರೆದುಕೊಂಡೆ. ಗಾಡಿ ಗಡಿಯಾರ ನೋಡಿ ಹೊರಡುವುದಿಲ್ಲ, ಸೀಟು ತುಂಬಿದ ಮೇಲೆ ಹೊರಡುತ್ತದೆ. ಅಲ್ಲಿಯವರೆಗೆ ಚಾಲಕ ಹೊರಗೆ ನಿಂತು ತೊರವಿ, ಬೈಪಾಸ್ ಎಂದು ಕೂಗುತ್ತಾನೆ. ನಿಲ್ದಾಣ ಎಂಬುದು ಎರಡು ತುದಿಗೆ ಮಾತ್ರ, ನಡುವೆ ಯಾರು ಎಲ್ಲಿ ಕೈ ಮಾಡಿದರೂ ಅಲ್ಲೇ ನಿಲ್ಲುತ್ತದೆ. ಬುಟ್ಟಿ ಇದ್ದವರಿಗೆ ಹಿಂದಿನ ಸೀಟು, ಏಕೆಂದರೆ ಬುಟ್ಟಿ ಕಾಲಬುಡದಲ್ಲೇ ಇರಬೇಕು. ಪಟ್ಟಣದಲ್ಲಿ ಓದುವ ಮಕ್ಕಳಿಗೆ ಕಳಿಸುವ ರೊಟ್ಟಿಯ ಡಬ್ಬಿಗಳು ಚಾಲಕನ ಕಾಲ ಹತ್ತಿರ. ಗುರುತಿಗೆ ಹಿಡಿಕೆಗೆ ಬೇರೆ ಬೇರೆ ಬಣ್ಣದ ಅರಿವೆ ಚೂರು ಕಟ್ಟಿರುತ್ತಾರೆ. ಕೆಂಪು ಅರಿವೆ ಯಾರದು, ಹಸಿರು ಯಾರದು ಎಂದು ಅವನಿಗೆ ಬಾಯಿಪಾಠ. ಡಬ್ಬಿಗೆ ಏನೂ ತಗೊಳ್ಳುವುದಿಲ್ಲವೇ ಎಂದು ಕೇಳಿದೆ.

"ರೊಟ್ಟಿಗೆ ಯಾರರ ಟಿಕೀಟ್ ತಗೋತಾರೇನ್ರಿ ಅಕ್ಕಾರ?" ಎಂದು ನನ್ನನ್ನೇ ಬೈದವನಂತೆ ನೋಡಿದ.

ಇನ್ನೊಂದನ್ನೂ ಬರೆದುಕೊಂಡೆ. ಗಾಡಿಯ ಆರ್‌ಸಿ ಪ್ರಕಾರ ಚಾಲಕನನ್ನು ಬಿಟ್ಟು ಕೂಡಬೇಕಾದವರು ಆರು ಮಂದಿ. ಎರಡನೆಯ ಸುತ್ತಿನಲ್ಲಿ ನಾವು ಒಂಬತ್ತು ಮಂದಿ ಇದ್ದೆವು. ನನ್ನ ಅರ್ಧ ಮೈ ಹೊರಗೆ ಇತ್ತು. ಅವನು ನನ್ನ ವಹಿಯ ಕಡೆ ಓರೆಗಣ್ಣಿನಲ್ಲಿ ನೋಡಿ, "ಅದನ್ನ ಬರೀಬ್ಯಾಡ್ರಿ" ಎಂದ. ನಾನು ಆಗಲೇ ಬರೆದಿದ್ದೆ.

ಮೂರನೆಯ ಸುತ್ತಿನಲ್ಲಿ ನಡುವಿನ ತೊರವಿ ಊರು ದಾಟಿದ ಮೇಲೆ ತಪಾಸಣೆಯವರು ಕೈ ಅಡ್ಡ ಹಿಡಿದರು. ಚಾಲಕ ಗಾಬರಿಯಾಗಲಿಲ್ಲ. ಅಂಗಿಯ ಕಿಸೆಯಿಂದ ಒಂದು ಚೀಟಿ ತೆಗೆದು ತೋರಿಸಿದ. ಅವರು ನೋಡಿ ಹೋಗು ಎಂದು ಕೈ ಬೀಸಿದರು. ಏನದು ಎಂದು ಕೇಳಿದೆ. ನಾನು ಚಹಾ ಕುಡಿಯಲು ಇಳಿದಾಗ ಅವನಿಗೆ ಒಂದು ದಂಡ ಬಿದ್ದಿತ್ತಂತೆ. ಒಮ್ಮೆ ದಂಡ ಕಟ್ಟಿದ ಚೀಟಿ ಇದ್ದರೆ ಆ ದಿನ ಮತ್ತೆ ಹಿಡಿಯುವುದಿಲ್ಲ ಎಂಬುದು ಆ ರಸ್ತೆಯ ರೂಢಿ. ಎಲ್ಲೂ ಬರೆದಿಲ್ಲ, ಆದರೆ ಎರಡೂ ಕಡೆಯವರು ಪಾಲಿಸುತ್ತಾರೆ.

ಚೀಟಿ ತೆಗೆದುಕೊಂಡು ಓದಿದೆ. ಇಲಾಖೆಯ ಹೆಸರು, ಗಾಡಿ ಸಂಖ್ಯೆ, ತಪ್ಪು: ಹೆಚ್ಚು ಮಂದಿ. ಅದರ ಮೇಲಿನ ಸಾಲಿನಲ್ಲಿ, ವಾಹನ ಎಂಬ ಅಚ್ಚಿನ ಅಕ್ಷರದ ಮುಂದೆ, ನೀಲಿ ಪೆನ್ನಿನಲ್ಲಿ, ಟಂಟಂ.

ಮತ್ತೊಮ್ಮೆ ಓದಿದೆ. ಅದೇ ಇಲಾಖೆ, ಅದೇ ಸೀಲು. ನನ್ನ ಚೀಲದಲ್ಲಿದ್ದ ಹಿಂಬರಹದ ಮೇಲೆ ಇದ್ದದ್ದೂ ಅದೇ ಸೀಲು. "ಇಂಥಾ ಚೀಟಿ ಇನ್ನ ಅದಾವೇನ್ರಿ?" ಎಂದು ಕೇಳಿದರೆ ಅವನು ನಕ್ಕುಬಿಟ್ಟ. ಸೀಟು ಎತ್ತಿ, ಬ್ಯಾಟರಿಯ ಪಕ್ಕದಿಂದ ಒಂದು ಬಿಸ್ಕೀಟಿನ ಡಬ್ಬಿ ತೆಗೆದ. ಎಂದಾದರೂ ತಕರಾರು ಬಂದರೆ ಇರಲಿ ಎಂದು ಒಂದನ್ನೂ ಒಗೆದಿರಲಿಲ್ಲ. ಎಲ್ಲ ಚಾಲಕರ ಸೀಟಿನ ಕೆಳಗೂ ಇಂಥದೊಂದು ಡಬ್ಬಿ ಇತ್ತಂತೆ. ಹಳೆಯ ಚೀಟಿಗಳ ಶಾಯಿ ಮಾಸಿತ್ತು, ಕೆಲವಕ್ಕೆ ಡೀಸೆಲ್ಲಿನ ಕಲೆ ಇತ್ತು, ಆದರೂ ಆ ಶಬ್ದ ಓದಲು ಬರುತ್ತಿತ್ತು.

ಇಲ್ಲಿ ಒಂದು ತೊಡಕು ಎದುರಾಯಿತು. ಆ ಶಬ್ದ ಇದ್ದ ಪ್ರತಿ ಚೀಟಿಯ ಕೆಳಗೂ ಒಂದು ತಪ್ಪು ಇತ್ತು. ಹೆಚ್ಚು ಮಂದಿ, ಹೆಚ್ಚು ಮಂದಿ, ರಸ್ತೆಯ ನಡುವೆ ನಿಲುಗಡೆ, ಮತ್ತೆ ಹೆಚ್ಚು ಮಂದಿ. ಹೆಸರಿನ ಸಾಕ್ಷಿ ಬೇಕೆಂದರೆ ತಪ್ಪಿನ ಸಾಕ್ಷಿಯನ್ನೂ ಮೇಜಿನ ಮೇಲೆ ಇಡಬೇಕು. ಬಿಡಿ ಬಿಡಿಯಾಗಿ ಮರೆತುಹೋಗಿದ್ದ ತಪ್ಪುಗಳನ್ನು ನಾವೇ ಜೋಡಿಸಿ, ಕ್ರಮಸಂಖ್ಯೆ ಹಾಕಿ, ಸಾಹೇಬರ ಕೈಗೆ ಕೊಡಬೇಕು. ಅವರು ಮನಸ್ಸು ಮಾಡಿದರೆ ಜಾಗ ಕೊಡುವ ಬದಲು ಪರವಾನಗಿಯನ್ನೇ ತಡೆಹಿಡಿಯಬಹುದಿತ್ತು. ಇದನ್ನು ಚಾಲಕರಿಂದ ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ. ಒಮ್ಮೆ ಅವರನ್ನು ಕೇಳದೆ ಶಬ್ದ ಬದಲಿಸಿ ಕೆಡಿಸಿದವಳು ನಾನು.

ಟಿಕೋಟಾದ ಚಹಾದಂಗಡಿಯ ಮುಂದೆ ಎಲ್ಲ ಚಾಲಕರೂ ಸೇರಿದರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಬಬಲೇಶ್ವರದ ಚಾಲಕ ಅರ್ಧಕ್ಕೇ ಎದ್ದು ನಿಂತ.

"ಅಲ್ರಿ ಅಕ್ಕಾರ, ನಮ್ಮ ಕೊಳ್ಳಿಗೆ ನಾವ ಹಗ್ಗ ಹಾಕ್ಕೊಂಡು ತುದಿ ಅವರ ಕೈಯಾಗ ಕೊಡೂದೇನು? ಪರವಾನಗಿ ಹೋತಂದ್ರ ಜಾಗಾ ತಗೊಂಡು ಏನ ಮಾಡೂದ್ರಿ?"

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಹಲವರು ಹೌದೆಂದರು. ಇದು ನಾನು ತೀರ್ಮಾನಿಸುವ ವಿಷಯವಾಗಿರಲಿಲ್ಲ. ಟಿಕೋಟಾದ ಚಾಲಕ ಚಹಾ ಕುಡಿದು ಮುಗಿಸಿ, ತನ್ನ ಬಿಸ್ಕೀಟಿನ ಡಬ್ಬಿಯನ್ನು ನನ್ನ ಮುಂದಿನ ಬಾಕಿನ ಮೇಲೆ ಇಟ್ಟ.

"ನನ್ನವು ತಗೋರಿ. ತಪ್ಪ ಮಾಡೀನಿ, ದಂಡ ಕಟ್ಟೀನಿ, ಅದಕ್ಕ್ಯಾಕ ಅಂಜಲಿ? ನಮ್ಮ ತಪ್ಪ ನಾವ ಒಪ್ಪಕೋತೀವಿ, ನಮ್ಮ ಹೆಸರ ಅವರು ಒಪ್ಪಲಿ."

ಆಮೇಲೆ ಒಬ್ಬೊಬ್ಬರೇ ತಮ್ಮ ಗಾಡಿಯ ಕಡೆ ನಡೆದು ಸೀಟು ಎತ್ತತೊಡಗಿದರು. ಬಬಲೇಶ್ವರದವನು ಎಲ್ಲರಿಗಿಂತ ಕಡೆಗೆ, ಗೊಣಗುತ್ತಲೇ ತಂದುಕೊಟ್ಟ. ಅವನ ಡಬ್ಬಿಯೇ ಎಲ್ಲಕ್ಕಿಂತ ದೊಡ್ಡದಿತ್ತು.

ನಾನು ಮೂರು ದಿನ ಆ ಚೀಟಿಗಳನ್ನು ವರ್ಷದ ಪ್ರಕಾರ ಬಿಳಿ ಹಾಳೆಗೆ ಅಂಟಿಸಿ, ಮಾಸಿದವನ್ನು ಗಾಢವಾಗಿ ನಕಲು ತೆಗೆದು, ಟಂಟಂ ಎಂಬ ಶಬ್ದದ ಕೆಳಗೆ ಕೆಂಪು ಗೆರೆ ಎಳೆದೆ. ತಪ್ಪಿನ ಸಾಲನ್ನು ಮುಚ್ಚಲಿಲ್ಲ. ಆ ಹಾಳೆಗಳ ಮೇಲೆ ಚಾಲಕರ ಪ್ರಮಾಣಪತ್ರ ಇಟ್ಟೆ. ವಿವರಣೆಯನ್ನು ಈ ಸಲ ಹೀಗೆ ಬರೆದೆ:

"ಟಂಟಂ ಎಂದರೆ ಜನ ತುಂಬಿದ ಮೇಲೆ ಹೊರಡುವ, ಕೈ ಮಾಡಿದಲ್ಲಿ ನಿಲ್ಲುವ, ಬುಟ್ಟಿ ಹೊತ್ತವರನ್ನು ಬಿಟ್ಟು ಹೋಗದ, ಹಳ್ಳಿಯಿಂದ ಪಟ್ಟಣದ ಬಜಾರದವರೆಗೆ ಬರುವ ಮೂರು ಗಾಲಿಯ ಗಾಡಿ. ಕೆಲವು ಊರುಗಳಲ್ಲಿ ಸಾಮಾನು ಹೇರುವ ಗಾಡಿಗೂ ಇದೇ ಹೆಸರಿದೆ. ಈ ಅರ್ಜಿ ಮಂದಿ ಹೇರುವ ಗಾಡಿಗೆ ಸಂಬಂಧಿಸಿದ್ದು. ಇದನ್ನು ಬಜಾರದಿಂದ ದೂರ ನಿಲ್ಲಿಸಿದರೆ ಇದು ಟಂಟಂ ಆಗಿ ಉಳಿಯುವುದಿಲ್ಲ."

ನನ್ನ ವೃತ್ತಿಯಲ್ಲಿ ಇಷ್ಟು ಸರಳವಾದ ಕನ್ನಡವನ್ನು ನಾನು ಎಂದೂ ಟೈಪು ಮಾಡಿರಲಿಲ್ಲ.

ವಿಚಾರಣೆಯ ದಿನ ಟಿಕೋಟಾದ ಚಾಲಕ, ಬಬಲೇಶ್ವರದ ಚಾಲಕ, ನಾನು ಒಳಗೆ ಹೋದೆವು. ಆಯಿ ಯಾರೂ ಕರೆಯದಿದ್ದರೂ ಬಂದು, ಖಾಲಿ ಬುಟ್ಟಿ ಇಟ್ಟುಕೊಂಡು ಬಾಗಿಲ ಹತ್ತಿರ ಕೂತಳು. ಸಾಹೇಬರು ಮೈಸೂರು ಕಡೆಯವರು, ಈ ಊರಿಗೆ ಬಂದು ವರ್ಷ ಆಗಿರಲಿಲ್ಲ. ಹಾಳೆ ತಿರುವುತ್ತ ತಿರುವುತ್ತ ಅವರ ಹುಬ್ಬು ಮೇಲೇರಿತು.

"ಏನ್ರೀ ಇದು? ನಿಮ್ಮ ತಪ್ಪಿಗೆ ನೀವೇ ಸಾಕ್ಷಿ ತಂದಿದೀರಲ್ಲ?"

ನಾನು ಬಾಯಿ ತೆರೆಯುವ ಮೊದಲೇ, ಮಾತು ಕಡಿಮೆಯ ಆ ಟಿಕೋಟಾದ ಚಾಲಕ ಎರಡು ಹೆಜ್ಜೆ ಮುಂದೆ ಬಂದ.

"ಹೌದ್ರಿ ಸಾಹೇಬ್ರ, ಅಷ್ಟೂ ನಮ್ಮವ. ಮಂದಿ ಹೆಚ್ಚ ತುಂಬೀವಿ, ಸುಳ್ಳ ಹೇಳೂದಿಲ್ಲ. ಆದ್ರ ದಂಡ ಹಾಕುವಾಗ ನಾವು ಟಂಟಂ. ಜಾಗಾ ಕೇಳಾಕ ಬಂದ್ರ ಅಂಥಾ ಗಾಡೀನ ಇಲ್ಲ ಅಂತ ಬರದು ಕೊಡ್ತೀರಿ. ಇಲ್ಲದ ಗಾಡಿಗೆ ಇಷ್ಟ ವರ್ಷ ದಂಡ ಹೆಂಗ ಹಾಕಿದ್ರಿ?"

ಸಾಹೇಬರು ಹಿಂಬರಹವನ್ನು ಒಂದು ಕೈಯಲ್ಲಿ, ಚೀಟಿಯ ಹಾಳೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಗುಮಾಸ್ತನ ಕಡೆ ತಿರುಗಿದರು. "ಇವು ನಮ್ಮ ಇಲಾಖೆ ಚೀಟಿಗಳೇನಾ?"

"ಹೌದು ಸರ್" ಎಂದ ಗುಮಾಸ್ತ, ನೆಲ ನೋಡುತ್ತ.

"ಯಾವುದೇ ದಾಖಲೆಯಲ್ಲಿ ಇರುವುದಿಲ್ಲ ಅಂತ ಬರೆದೋರು ಯಾರು?"

ಗುಮಾಸ್ತ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ. ನನಗೆ ಆಗ ಎಷ್ಟು ಸಂತೋಷವಾಯಿತೆಂದರೆ, ನಗು ತಡೆಯಲು ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡೆ.

ಸಾಹೇಬರು ತುಸು ಯೋಚಿಸಿ, ಜಾಗ ಕೊಡುತ್ತೇನೆ ಎಂದರು. ಆದರೆ ಒಂದು ಷರತ್ತು ಹಾಕಿದರು. ಈ ಚೀಟಿಗಳನ್ನು ನೋಡಿದ ಮೇಲೆ ಅವರು ಸುಮ್ಮನೆ ಬಿಡುವಂತಿರಲಿಲ್ಲ. ಆರು ಮಂದಿಯ ಮೇಲೆ ಒಬ್ಬರು ಹತ್ತಿದರೂ ನಿಲುಗಡೆ ರದ್ದು. ಹಾಗೆಂದು ಮುಚ್ಚಳಿಕೆ ಬರೆದುಕೊಡಬೇಕು. ಬಬಲೇಶ್ವರದವನು ನನ್ನ ಕಡೆ ನೋಡಿದ. ಏಳನೆಯ, ಎಂಟನೆಯ ಸೀಟಿನಲ್ಲೇ ಅವರ ಡೀಸೆಲ್ಲು ಹುಟ್ಟುವುದು ಎಂದು ಆ ಒಂದು ದಿನದ ಸವಾರಿಯಲ್ಲಿ ನನಗೂ ಗೊತ್ತಾಗಿತ್ತು. ಟಿಕೋಟಾದ ಚಾಲಕ ಉಸಿರು ಎಳೆದುಕೊಂಡು, "ಬರೀರಿ ಅಕ್ಕಾರ" ಎಂದ.

ಅಲ್ಲೇ, ಸಾಹೇಬರ ಮೇಜಿನ ತುದಿಯಲ್ಲಿ, ನನ್ನ ಕೈಯಾರೆ ಮುಚ್ಚಳಿಕೆ ಬರೆದೆ. ಮುಂದೆ ಯಾರೂ ಬೆರಳು ತೋರಿಸಬಾರದು ಎಂದು, ಯಾವುದೇ ಕಾರಣಕ್ಕೂ, ಎಷ್ಟೇ ಗುರುತಿನವರಿದ್ದರೂ ಏಳನೆಯವರನ್ನು ಹತ್ತಿಸುವುದಿಲ್ಲ ಎಂಬ ಸಾಲನ್ನು ನಾನೇ ಸೇರಿಸಿದೆ. ಇಬ್ಬರೂ ಸಹಿ ಮಾಡಿದರು. ಹೊರಗೆ ಬಂದಾಗ ಆಯಿ, "ಏನಂದ ಸಾಹೇಬ?" ಎಂದು ಕೇಳಿದಳು. ಕೊಟ್ಟಾರ ಎಂದೆ. ಅವಳು ಬುಟ್ಟಿಯನ್ನು ಸಿಂಬಿಯ ಮೇಲೆ ಇಟ್ಟುಕೊಂಡು, ಇಷ್ಟಕ್ಕೆ ಇಷ್ಟು ದಿನ ಬೇಕಾಯಿತೇ ಎಂಬಂತೆ ಮುಖ ಮಾಡಿ ನಡೆದಳು.

ಆದೇಶದಲ್ಲಿ ಆ ಶಬ್ದ ಇತ್ತು. ಸೊಲ್ಲಾಪುರ ರಸ್ತೆಯ ಪೇಂಟರನ ಹತ್ತಿರ ಬೋರ್ಡು ಬರೆಸಲು ಹೋದಾಗ ಅವನು, "ಏನರ ಚೊಲೋ ಶಬ್ದ ಹಾಕೂನ್ರಿ ಮೇಡಂ, ಗ್ರಾಮೀಣ ವಾಹನ ನಿಲ್ದಾಣ ಅಂತ ಬರೀಲೇನು?" ಎಂದ. ಹಿಂದಿನ ನಾನಾಗಿದ್ದರೆ ಒಪ್ಪುತ್ತಿದ್ದೆ. ಆದೇಶದ ಪ್ರತಿಯನ್ನು ಅವನ ಮುಂದೆ ಹಿಡಿದೆ. ಟಂಟಂ ನಿಲ್ದಾಣ, ಟಿಕೋಟಾ ಮತ್ತು ಬಬಲೇಶ್ವರ ಕಡೆ. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ. ಹಳೆಯ ಗೋಡೆ ಪುರಾತತ್ವ ಇಲಾಖೆಯದು, ಅದಕ್ಕೆ ಮೊಳೆ ಹೊಡೆಯುವಂತಿಲ್ಲವಾದ್ದರಿಂದ ಬೇರೆ ಕಂಬ ನೆಟ್ಟು ಕಟ್ಟಿದರು.

ಎರಡು ತಿಂಗಳ ನಂತರ ಟಿಕೋಟಾದಲ್ಲಿ ನನ್ನ ಅಕ್ಕನ ಮನೆಯಲ್ಲಿ ಒಂದು ಕಾರ್ಯವಿತ್ತು. ಕೈಯಲ್ಲಿ ಚೀಲ, ಮೈಮೇಲೆ ಒಳ್ಳೆಯ ಸೀರೆ, ತಡವಾಗಿತ್ತು. ಗೋಡೆಯ ಹತ್ತಿರ ಬರುವಷ್ಟರಲ್ಲಿ ಆ ಚಾಲಕನದೇ ಟಂಟಂ ತುಂಬಿ ಹೊರಟು ನಿಂತಿತ್ತು. ಹಿಂದಿನ ಸೀಟಿನಲ್ಲಿ ಆಯಿ ಖಾಲಿ ಬುಟ್ಟಿ ಹಿಡಿದು ಕೂತಿದ್ದಳು. ನಾನು ಯಾರನ್ನೂ ಕೇಳದೆ, ಹಕ್ಕಿನ ಜಾಗ ಎಂಬಂತೆ ಚಾಲಕನ ಪಕ್ಕ ಹತ್ತಿ ಕೂತೆ.

ಅವನು ಇಂಜಿನ್ ಬಂದ್ ಮಾಡಿದ. ಹಿಂದೆ ತಿರುಗಿ ತಲೆ ಎಣಿಸಿದ. ಆಮೇಲೆ ಹ್ಯಾಂಡಲ್ ನೋಡುತ್ತ ಮೆಲ್ಲಗೆ ಹೇಳಿದ.

"ಅಕ್ಕಾರ, ಆರ ಮಂದಿ ಆಗ್ಯಾರ್ರಿ. ಇಳೀರಿ."

"ನಾನ್ರಿ? ನನ್ನ ಇಳಸ್ತೀರೇನು?"

"ಎಷ್ಟ ಗುರುತಿನವ್ರಿದ್ರೂ ಅಂತ ಬರದವ್ರು ನೀವ ಅಲ್ಲರಿ."

ಹಿಂದಿನಿಂದ ಆಯಿ, "ಇಳಿ ಬೇ ಲಗೂನ, ನಮಗ ಹೊತ್ತಾಕ್ಕೈತಿ" ಎಂದಳು. ಗಾಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು, ಮುಖ ಬಿಸಿಯಾಯಿತು, ನಗುವೂ ಬಂತು. ಚೀಲ ಎತ್ತಿಕೊಂಡು ಇಳಿದೆ. ಟಂಟಂ ಹೊಗೆ ಬಿಟ್ಟು ತೊರವಿಯ ಕಡೆ ತಿರುಗಿತು. ಮುಂದಿನದು ಬಂದು ತುಂಬುವವರೆಗೆ ನಾನು ಹಳದಿ ಬೋರ್ಡಿನ ಕೆಳಗೆ ಎಲ್ಲರ ಜೊತೆ ನಿಂತೆ.